ಬಟ್ಟೆಚೆಂಡಿನ ಹೆಸರು

ಆ ಊರಿನಲ್ಲಿ ಕೊಟ್ಟವರ ಹೆಸರು ಹೇಳದೆ ಯಾವ ವಸ್ತುವನ್ನೂ ಬಳಸುವಂತಿರಲಿಲ್ಲ.

ಬಳಸಿದರೆ ಯಾರೂ ಬಯ್ಯುತ್ತಿರಲಿಲ್ಲ. ವಸ್ತುವೇ ಒಪ್ಪುತ್ತಿರಲಿಲ್ಲ. ಸೋದರತ್ತೆ ಕೊಟ್ಟ ಕೊಡವನ್ನು ಅವಳ ಹೆಸರು ಹೇಳದೆ ಎತ್ತಿದರೆ ನೀರು ತಳದಲ್ಲೇ ಇಳಿದುಹೋಗುತ್ತಿತ್ತು. ಭಾವ ಕೊಟ್ಟ ಕುಡುಗೋಲು ಭಾವನ ಹೆಸರು ಕೇಳುವ ತನಕ ಹುಲ್ಲನ್ನು ಸವರಿಕೊಂಡು ಹೋಗುತ್ತಿತ್ತೇ ಹೊರತು ಕೊಯ್ಯುತ್ತಿರಲಿಲ್ಲ. ಹಾಗಾಗಿ ಬೆಳಗಾದರೆ ಊರೆಲ್ಲ ಹೆಸರು. ಬಾಗಿಲು ತೆಗೆಯುವಾಗ ಒಂದು ಹೆಸರು, ಒಲೆ ಹಚ್ಚುವಾಗ ಒಂದು ಹೆಸರು, ಮಗುವಿಗೆ ಅಂಗಿ ತೊಡಿಸುವಾಗ ಒಂದು ಹೆಸರು. ಅದರಲ್ಲಿ ಸತ್ತವರು ಯಾರು, ಬದುಕಿರುವವರು ಯಾರು ಎಂದು ಹೊರಗಿನಿಂದ ಬಂದವರಿಗೆ ತಿಳಿಯುತ್ತಿರಲಿಲ್ಲ. ಊರಿನವರಿಗೂ ಅದು ದೊಡ್ಡ ವ್ಯತ್ಯಾಸವಾಗಿರಲಿಲ್ಲ.

ಆದರೆ ಒಂದು ಹೆಸರನ್ನು ಊರಿನೊಳಗೆ ಒಂದು ವರ್ಷ ಯಾರೂ ಹೇಳದಿದ್ದರೆ, ಅದು ಊರಿನ ನಾಲಿಗೆಗಳಿಂದ ಎದ್ದು ಹೋಗುತ್ತಿತ್ತು. ಸುಮ್ಮನೆ ಕೂತು ಜಪಿಸಿದರೆ ಲೆಕ್ಕಕ್ಕಿಲ್ಲ. ಕೊಟ್ಟದ್ದನ್ನು ಯಾವುದಕ್ಕೆ ಕೊಟ್ಟರೋ ಅದಕ್ಕೇ ಬಳಸುತ್ತ ಹೇಳಬೇಕು. ಎದ್ದು ಹೋದ ಮೇಲೆ ಹೆತ್ತವರ ಹೆಸರಾದರೂ ಸರಿ, ಬಾಯಿ ತೆರೆದರೆ ಬರೀ ಉಸಿರು. ತನ್ನ ಹೆಸರು ಮಾತ್ರ ತನ್ನಲ್ಲಿ ಉಳಿಯುತ್ತಿತ್ತು. ಎದ್ದು ಹೋದ ಹೆಸರುಗಳು ಎಲ್ಲಿಗೆ ಹೋಗುತ್ತವೆ ಎಂದು ಊರಿನವರು ಯಾವತ್ತೂ ಕೇಳಿಕೊಂಡಿರಲಿಲ್ಲ.

ಊರಿನ ಸುತ್ತ ಉಪ್ಪಿನ ಗದ್ದೆ. ಕಾಲಿಟ್ಟರೆ ಹಿಮ್ಮಡಿ ಬಿರಿಯುವ ನೆಲ. ನಡುವೆ ಒಂದೇ ಒಂದು ಕೆಂಪು ಬಯಲು, ಮಕ್ಕಳು ಆಡುವುದಕ್ಕೆ. ಅಲ್ಲಿ ಬೆಳಿಗ್ಗೆ ಒಬ್ಬ ಹೆಂಗಸು ಬುಟ್ಟಿಯಲ್ಲಿ ಸುಣ್ಣದ ಪುಡಿ ಹೊತ್ತು ಬಂದು, ಬಾಗಿ, ಬೆರಳ ಸಂದಿಯಿಂದ ಬಿಡುತ್ತ ಆಟದ ಗೆರೆ ಎಳೆಯುತ್ತಿದ್ದಳು. ಆಚೆ ನಾಲ್ಕು, ಈಚೆ ನಾಲ್ಕು, ನಡುವೆ ಒಂದು. ಸಂಜೆಯ ಹೊತ್ತಿಗೆ ಆ ಗೆರೆಗಳು ಮಕ್ಕಳ ಪಾದಕ್ಕೆ ಅಂಟಿಕೊಂಡು ಮನೆಮನೆಗೆ ಹೋಗಿಬಿಡುತ್ತಿದ್ದವು. ಮಾರನೆಯ ಬೆಳಿಗ್ಗೆ ಮತ್ತೆ ಆಚೆ ನಾಲ್ಕು, ಈಚೆ ನಾಲ್ಕು, ನಡುವೆ ಒಂದು. ಉಳಿಯದ ವಸ್ತುವಿಗೆ ಕೊಟ್ಟವರ ಹೆಸರು ಎಂಥದು? ಅವಳ ಹೆಸರು ಊರಿನ ನಾಲಿಗೆಗಳಿಂದ ಎಂದೋ ಎದ್ದು ಹೋಗಿತ್ತು. ದೊಡ್ಡವರು ಅವಳನ್ನು ಗೆರೆಯವಳು ಎನ್ನುತ್ತಿದ್ದರು. ಮಕ್ಕಳು ಗೆರೆಯತ್ತೆ ಎನ್ನುತ್ತಿದ್ದರು.

ಅವಳಿಗೆ ಅದರ ಬಗ್ಗೆ ಬೇಜಾರಿರಲಿಲ್ಲ. ಏಕೆಂದರೆ ಅವಳ ಅಮ್ಮನ ಹೆಸರನ್ನು ಮಕ್ಕಳು ದಿನಕ್ಕೆ ಸಾವಿರ ಸಲ ಕೂಗುತ್ತಿದ್ದರು.

ಆ ಅಮ್ಮ ತನ್ನ ಜೀವಮಾನದಲ್ಲಿ ಕೊಟ್ಟದ್ದು ಒಂದೇ ವಸ್ತು. ಒಂದು ವರ್ಷ ಮಕ್ಕಳಿಗೆ ಆಡಲು ಏನೂ ಇಲ್ಲದಿದ್ದಾಗ ಮದುವೆಯ ಸೀರೆಯನ್ನು ಅರ್ಧಕ್ಕೆ ಹರಿದು, ಸುತ್ತಿ, ಮೇಲೆ ತೆಂಗಿನ ನಾರಿನ ಹುರಿ ಬಿಗಿದು ಒಂದು ಬಟ್ಟೆಚೆಂಡು ಮಾಡಿಕೊಟ್ಟಿದ್ದಳು. ಉಳಿದ ಅರ್ಧ ಸೀರೆಯನ್ನು ಸಾಯುವ ತನಕ ಮೊಣಕಾಲಿನವರೆಗೆ ಉಟ್ಟಳು. ಹುರಿಯ ಸಂದಿಯಲ್ಲಿ ಇಂದಿಗೂ ಕೆಂಪು ಅಂಚು ಕಾಣುತ್ತಿತ್ತು. ಮಕ್ಕಳು ಚೆಂಡನ್ನು ಎತ್ತಿ, ‘ಸಣ್ಣೀರಮ್ಮ!’ ಎಂದು ಕೂಗಿ ಎಸೆದರೆ ಅದು ಹಕ್ಕಿಯ ಹಾಗೆ ಹೋಗುತ್ತಿತ್ತು. ಹಿಡಿದವರು ಮತ್ತೆ ‘ಸಣ್ಣೀರಮ್ಮ!’ ಎನ್ನುತ್ತಿದ್ದರು. ಗೆರೆಯವಳು ಬಯಲಿನ ಅಂಚಿನಲ್ಲಿ ಖಾಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನು ಕೇಳುತ್ತ ಕೂತಿರುತ್ತಿದ್ದಳು. ಅವಳ ದಿನ ಎಂದರೆ ಅದೇ.

ಒಂದು ದಿನ ಆಚೆ ದಡದ ದೇಶದಿಂದ ಹಡಗು ಬಂತು.

ಹಡಗಿನಿಂದ ದೂತ ಇಳಿದ. ಬಿಳಿಯ ಕೊಡೆ ಹಿಡಿದ, ಮೆತ್ತಗೆ ಮಾತಾಡುವ ಮನುಷ್ಯ. ಊರಿನ ಯಜಮಾನರ ಜಗಲಿಯಲ್ಲಿ ಕೂತು ಅವನು ಹೇಳಿದ:

“ನಮ್ಮ ದೇಶಕ್ಕೆ ನಿಮ್ಮ ಮಕ್ಕಳ ಮೇಲೆ ಪ್ರೀತಿ. ನಿಮಗೊಂದು ಆಟದ ಅಂಗಳ ಕೊಡುತ್ತೇವೆ. ಹಸಿರು ಹಾಸು, ಅಳಿಸದ ಬಿಳಿ ಗೆರೆ. ನಲವತ್ತು ಚೆಂಡು. ಆಟ ಕಲಿಸಲು ಒಬ್ಬ ಮೇಷ್ಟ್ರು.”

“ನಮ್ಮಿಂದ ಏನಾಗಬೇಕು ಸ್ವಾಮಿ?” ಎಂದರು ಯಜಮಾನರು. ಹಡಗು ಸುಮ್ಮನೆ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

“ಏನೂ ಬೇಡ. ವರ್ಷಕ್ಕೊಮ್ಮೆ ದೇಶಗಳ ಸಭೆಯಲ್ಲಿ ಕೈ ಎತ್ತುವಾಗ ನಿಮ್ಮ ಊರಿನದೂ ಒಂದು ಕೈ ಇದೆ. ಆಗ ನಮ್ಮ ನೆನಪಾದರೆ ಸಾಕು. ಇನ್ನೊಂದು, ನಿಮ್ಮ ಊರಿನ ಪದ್ಧತಿ ಕೇಳಿದ್ದೇವೆ. ಬಹಳ ಚಂದದ ಪದ್ಧತಿ. ಚೆಂಡು ಎಸೆಯುವಾಗಲೆಲ್ಲ ನಮ್ಮ ದೇಶದ ಹೆಸರು ಹೇಳಿದರಾಯಿತು.”

ಯಜಮಾನರಿಗೆ ನಗು ಬಂತು. “ಅದು ಹೇಳದಿದ್ರೆ ಇಲ್ಲಿ ಸೌಟೂ ಅಲ್ಲಾಡಲ್ಲ, ಬಿಡಿ.”

“ಆ ಅಂಗಳದಲ್ಲಿ ಬೇರೆ ಹೆಸರು ಬೇಡ,” ಎಂದ ದೂತ, ಇನ್ನೂ ಮೆತ್ತಗೆ. “ನಮ್ಮ ದೇಶದ್ದಷ್ಟೇ.”

ಕೆಂಪು ಬಯಲಿನ ಮೇಲೆ ಹಸಿರು ಹಾಸು ಬಂತು. ಅಂಚಿನಿಂದ ಅಂಚಿಗೆ ಅಂಟಿತು. ಗೆರೆಗಳು ಅದರಲ್ಲೇ ಇದ್ದವು. ಗೆರೆಯವಳು ಬುಟ್ಟಿ ಹೊತ್ತು ಬಂದವಳು ಅಂಚಿನಲ್ಲೇ ನಿಂತಳು. ಯಜಮಾನರು ಅವಳ ಹತ್ತಿರ ಬಂದು ಕೆಮ್ಮಿದರು.

“ನೋಡಮ್ಮಾ, ಆ ಬಟ್ಟೆಚೆಂಡನ್ನ ಪೆಟ್ಟಿಗೇಲಿ ಇಟ್ಟುಬಿಡು. ಕೊಟ್ಟೋರ ಮುಂದೆ ಇನ್ನೊಬ್ಬರ ಹೆಸರು ಕೂಗಿದರೆ ಚೆನ್ನಾಗಿರಲ್ಲ.”

“ಅವಳೂ ಕೊಟ್ಟೋಳೇ ಅಲ್ವಾ ಯಜಮಾನ್ರೇ?”

“ಅಲ್ಲ ಅಂದೆನಾ? ಕೊಟ್ಟೋಳೇ. ಅವಳದು ಒಂದು ಚೆಂಡು, ಇವರದು ನಲವತ್ತು.” ಹೇಳಿದ ಮೇಲೆ ಅವರಿಗೇ ಆ ಮಾತು ಹಿಡಿಸಲಿಲ್ಲ. ಹೆಗಲಿನ ವಸ್ತ್ರವನ್ನು ಸರಿಮಾಡಿಕೊಂಡು ಹೋದರು.

ಅವಳು ಚೆಂಡನ್ನು ಮನೆಗೆ ತಂದಳು. ಗೋಡೆಗೆ ಎಸೆದು ನೋಡಿದಳು, ‘ಸಣ್ಣೀರಮ್ಮ’ ಎಂದಳು. ಚೆಂಡು ಗೋಡೆಯ ಬುಡದಲ್ಲಿ ಬಿತ್ತು. ಅದು ಮಕ್ಕಳಿಗೆ ಕೊಟ್ಟ ಚೆಂಡು, ಅವಳ ಕೈಗಲ್ಲ. ಉಪ್ಪಿನ ಗದ್ದೆಯಲ್ಲಿ ಯಾವ ಮಗುವೂ ಓಡಲಾರದು. ಹಾಗಾದರೆ ಇಂದಿನಿಂದ ಒಂದು ವರ್ಷ, ಎಂದುಕೊಂಡಳು. ಒಂದು ವರ್ಷಕ್ಕೆ ಅಮ್ಮನ ಹೆಸರು ಹೋಗುತ್ತದೆ. ಅವಳ ಬಾಯಿಂದಲೂ.

ಮರುದಿನ ಹಸಿರು ಅಂಗಳದಲ್ಲಿ ಮಕ್ಕಳು ನಲವತ್ತು ಬಿಳಿ ಚೆಂಡುಗಳನ್ನು ಎತ್ತಿಕೊಂಡರು. ಆಚೆ ದಡದ ದೇಶದ ಹೆಸರು ಉದ್ದ. ಮಕ್ಕಳು ರಾತ್ರಿಯಿಡೀ ಬಾಯಿಪಾಠ ಮಾಡಿದ್ದರು. ಎಲ್ಲರೂ ಒಟ್ಟಿಗೆ ಕೂಗಿ ನೆಲಕ್ಕೆ ಚೆಂಡು ಬಡಿದರು.

ಒಂದು ಚೆಂಡೂ ಪುಟಿಯಲಿಲ್ಲ. ನಲವತ್ತೂ ಕಲಸಿದ ಹಿಟ್ಟಿನ ಹಾಗೆ ಬಿದ್ದಲ್ಲೇ ಕೂತವು.

“ಹೆಸರು ತಪ್ಪಾಗಿ ಹೇಳಿದಿರಿ,” ಎಂದ ದೂತ. ಮಕ್ಕಳು ಮತ್ತೆ ಹೇಳಿದರು. ನಿಧಾನವಾಗಿ ಹೇಳಿದರು. ಕೈಮುಗಿದು ಹೇಳಿದರು. ಒಬ್ಬಳು ಹುಡುಗಿ ಚೆಂಡನ್ನು ಕಿವಿಗೆ ಹಿಡಿದು, “ಇದಕ್ಕೆ ಕಿವುಡು,” ಎಂದು ತೀರ್ಪು ಕೊಟ್ಟಳು.

ದೂತನ ಮುಖದಲ್ಲಿ ನಗು ಹಾಗೇ ಇತ್ತು, ಕೊಡೆ ಮಾತ್ರ ಸ್ವಲ್ಪ ವಾಲಿತು. “ನಲವತ್ತು ದಿನಕ್ಕೆ ಉದ್ಘಾಟನೆ. ಒಂಬತ್ತು ದೇಶಗಳ ಅತಿಥಿಗಳು ಬರುತ್ತಾರೆ. ಅಷ್ಟರಲ್ಲಿ ಚೆಂಡು ಪುಟಿಯದಿದ್ದರೆ ಎಲ್ಲವನ್ನೂ ಹಡಗಿಗೆ ಹಾಕಬೇಕಾಗುತ್ತದೆ. ಮೇಷ್ಟ್ರನ್ನೂ.”

“ಹಾಸನ್ನೂ?” ಎಂದರು ಯಜಮಾನರು.

“ಹಾಸು ಅಂಟಿದೆ. ಕಿತ್ತರೆ ನೆಲವೂ ಕಿತ್ತುಬರುತ್ತದೆ.”

ಬಯಲೂ ಇಲ್ಲ, ಆಟವೂ ಇಲ್ಲ ಎಂದಾದರೆ ಮಕ್ಕಳು ಉಪ್ಪಿನ ನಡುವೆ ಏನು ಮಾಡಬೇಕು?

ಮೇಷ್ಟ್ರು ಮೌನದ ಮನುಷ್ಯ. ಪಟ್ಟಿ ಮಾಡಿ ಕೆಲಸ ಮಾಡುವವನು. ಬೆಳಿಗ್ಗೆ ಬಂದು ಒಂದು ಚೆಂಡನ್ನು ಎತ್ತಿ ಒಂದು ಹೆಸರು ಹೇಳಿ ಬಡಿಯುತ್ತಿದ್ದ; ಪುಟಿಯದಿದ್ದರೆ ಆ ಹೆಸರಿಗೆ ಅಡ್ಡಗೀಟು. ದೇಶದ ದೊರೆಯ ಹೆಸರು ಹೇಳಿದ. ಆಟಗಳ ಮಂತ್ರಿಯ ಹೆಸರು ಹೇಳಿದ. ಕಾಗದಕ್ಕೆ ಮುದ್ರೆ ಒತ್ತಿದವರದು, ಹಡಗಿನ ಯಜಮಾನನದು, ಪೆಟ್ಟಿಗೆಗೆ ಮೊಳೆ ಹೊಡೆದವನದು. ತೊಪ್, ತೊಪ್, ತೊಪ್.

ಗೆರೆಯವಳಿಗೆ ಬರದೆ ಇರಲಾಗುತ್ತಿರಲಿಲ್ಲ. ಖಾಲಿ ಬುಟ್ಟಿ ಹಿಡಿದು ಅಳಿಸದ ಗೆರೆಗಳ ಮೇಲೆ ಒಂದು ಸುತ್ತು ನಡೆಯುತ್ತಿದ್ದಳು. ಆಚೆ ನಾಲ್ಕು, ಈಚೆ ನಾಲ್ಕು, ನಡುವೆ ಒಂದು. ಆಮೇಲೆ ಅಂಚಿನಲ್ಲಿ ಕೂತು ಮೇಷ್ಟ್ರನ್ನು ನೋಡುತ್ತಿದ್ದಳು. ಇಪ್ಪತ್ತೊಂಬತ್ತನೆಯ ದಿನ ಅವಳಿಗೆ ತಡೆಯಲಾಗಲಿಲ್ಲ.

“ಅಲ್ಲ ಮೇಷ್ಟ್ರೇ, ದೇಶ ಕೊಡ್ತು ಅಂತ ನಿಮಗೆ ಯಾರು ಹೇಳಿದ್ದು?”

“ಪತ್ರದಲ್ಲಿದೆ ಅಕ್ಕಾ.”

“ಪತ್ರದಲ್ಲಿ ಏನು ಬೇಕಾದ್ರೂ ಇರುತ್ತೆ. ಕೊಟ್ಟೋರು ಯಾರು ಅಂತ ನಾವು ಹೆಂಗೆ ಕಂಡುಹಿಡೀತೀವಿ ಗೊತ್ತಾ? ಕೊಟ್ಟ ಮೇಲೆ ಯಾರಲ್ಲಿ ಅಷ್ಟು ಕಡಿಮೆ ಆಯ್ತೋ ಅವರೇ ಕೊಟ್ಟೋರು. ನಮ್ಮಮ್ಮ ಚೆಂಡು ಕೊಟ್ಟಳು. ಅವಳಲ್ಲಿ ಅರ್ಧ ಸೀರೆ ಕಡಿಮೆ ಆಯ್ತು. ಯಾರ ಹತ್ರಾನೂ ಕೇಳೋದೇ ಬೇಡ, ಅವಳ ಕಾಲು ನೋಡಿದ್ರೆ ಸಾಕಿತ್ತು.” ಅವಳು ಹಸಿರು ಹಾಸನ್ನು ಬೆರಳಿಂದ ತಟ್ಟಿದಳು. “ಇಷ್ಟು ಕೊಟ್ಟು ನಿಮ್ಮ ದೊರೆಗೆ ಏನು ಕಡಿಮೆ ಆಗಿದೆ?”

ಮೇಷ್ಟ್ರು ಪಟ್ಟಿಯನ್ನು ನೋಡಿದ. ಮಂತ್ರಿಗೆ ಏನು ಕಡಿಮೆಯಾಗಿದೆ? ಮುದ್ರೆಯವರಿಗೆ? ಅವನು ಕೂತುಬಿಟ್ಟ. ಕೈಯಲ್ಲಿದ್ದ ಚೆಂಡನ್ನು ಹೆಬ್ಬೆರಳಿನಿಂದ ಸುಮ್ಮನೆ ತಿಕ್ಕುತ್ತಿದ್ದ. ಇಪ್ಪತ್ತೊಂಬತ್ತು ದಿನ ಉಪ್ಪುಗಾಳಿ ಕುಡಿದ ಬಿಳಿ ಬಣ್ಣ ಹೊಟ್ಟಿನ ಹಾಗೆ ಉದುರಿತು. ಒಳಗೆ ಹಳೆಯ ಕಂದು ತೊಗಲು. ತೊಗಲಿನ ಮೇಲೆ ಮೊಳೆಯಿಂದ ಕೆರೆದ ಒಂದು ಗುರುತು: ಮೂರೇ ಕಿರಣಗಳ ಸೂರ್ಯ.

ಅವನು ಚೆಂಡನ್ನು ಅವಳ ಕಡೆ ತಿರುಗಿಸಿ ಹಿಡಿದ.

“ಅಕ್ಕಾ, ನಾನು ಅಲ್ಲಿ ಒಂದು ಸಣ್ಣ ಊರಿನ ಶಾಲೆಯಲ್ಲಿ ಆಟದ ಮೇಷ್ಟ್ರು. ನಲವತ್ತು ಮಕ್ಕಳು, ನಲವತ್ತು ಚೆಂಡು. ತಮ್ಮ ತಮ್ಮ ಚೆಂಡಿಗೆ ಮಕ್ಕಳು ಗುರುತು ಹಾಕಿಕೊಳ್ಳುತ್ತಾರೆ. ನಾನು ಹೊರಡುವ ಮುಂಚೆ ಚೆಂಡುಗಳನ್ನೆಲ್ಲ ರಿಪೇರಿಗೆ ಅಂತ ತಗೊಂಡು ಹೋದರು.” ಅವನು ಇನ್ನೊಂದು ಚೆಂಡನ್ನು ತಿಕ್ಕಿದ. ಏಣಿ. ಮತ್ತೊಂದು. ಬಾಚಣಿಗೆ. ಮತ್ತೊಂದು. ಮೀನು. “ಬಣ್ಣ ಬಳಿದು ನನ್ನ ಜೊತೆಗೇ ಕಳಿಸಿದ್ದಾರೆ.”

“ಸೂರ್ಯ ಯಾರದ್ದು?”

“ನನ್ನ ಮಗಳದ್ದು. ನಾಲ್ಕನೇ ಕಿರಣ ಬರೆಯೋಕೆ ಅವಳಿಗೆ ಸೋಮಾರಿತನ.”

“ಹೇಳಿ ಮತ್ತೆ.”

ಅವನು ಎದ್ದು ನಿಂತ. ಮಗಳ ಹೆಸರನ್ನು ಹೇಳಿ ಎಷ್ಟೋ ದಿನವಾಗಿತ್ತು. “ಮಿರೇಲಿ,” ಎಂದು ಚೆಂಡನ್ನು ಬಿಟ್ಟ.

ಬಡಿಯಲಿಲ್ಲ, ಬರೀ ಕೈಬಿಟ್ಟ ಅಷ್ಟೆ. ಚೆಂಡು ಅವನ ತಲೆಯ ಮೇಲಕ್ಕೆ ಎದ್ದಿತು. ಇಳಿದು ಮತ್ತೆ ಎದ್ದಿತು. ಅವನು ಹಿಡಿಯಲು ಹೋಗಲಿಲ್ಲ. ಗೆರೆಯವಳೂ ಅವನೂ ಅಕ್ಕಪಕ್ಕ ನಿಂತು ಅದು ತಾನಾಗಿ ಸುಸ್ತಾಗುವ ತನಕ ನೋಡಿದರು.

ಮುಂದಿನ ಹತ್ತು ದಿನ ಊರಿನ ಮಕ್ಕಳು ಬಣ್ಣ ಉಜ್ಜಿದರು. ಮೇಷ್ಟ್ರು ಹಾಜರಿ ಕೂಗುವ ದನಿಯಲ್ಲಿ ಒಂದೊಂದೇ ಗುರುತಿಗೆ ಒಂದೊಂದು ಹೆಸರು ಹೇಳಿಕೊಟ್ಟ. ಏಣಿ, ತೋವ. ಬಾಚಣಿಗೆ, ಯೂಲ. ಮೀನು, ಬೆನೆಕ್. ಮಕ್ಕಳು ಹೆಸರಿನ ಜೊತೆ ಉಳಿದದ್ದನ್ನೂ ಕೇಳಿದರು.

“ಬೆನೆಕ್ ಹೆಂಗೆ ಆಡ್ತಾನೆ ಮೇಷ್ಟ್ರೇ?”

“ಚೆಂಡು ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾನೆ.”

“ನಮ್ಮ ಇವನ ಥರಾನೇ!” ಎಂದು ಒಬ್ಬನನ್ನು ತಿವಿದು ನಕ್ಕರು. ತಿವಿಸಿಕೊಂಡವನು ಆಮೇಲೆ ಮೀನಿನ ಚೆಂಡನ್ನು ಬೇರೆ ಯಾರಿಗೂ ಬಿಡಲಿಲ್ಲ.

ಗೆರೆಯವಳು ಅಂಚಿನಲ್ಲಿ ಕೂತು ಕೇಳಿದಳು. ಮಿರೇಲಿ, ತೋವ, ಯೂಲ, ಬೆನೆಕ್. ಚೆನ್ನಾಗಿತ್ತು. ಅಂಗಳ ತುಂಬಿತ್ತು. ಅದರಲ್ಲಿ ಒಂದು ಹೆಸರು ಇರಲಿಲ್ಲ ಎನ್ನುವುದು ಅವಳೊಬ್ಬಳಿಗೇ ಕೇಳಿಸುತ್ತಿತ್ತು.

ಉದ್ಘಾಟನೆಯ ದಿನ ಒಂಬತ್ತು ದೇಶಗಳ ಅತಿಥಿಗಳು ಒಂಬತ್ತು ಕುರ್ಚಿಗಳಲ್ಲಿ ಕೂತರು. ಹತ್ತನೆಯದರಲ್ಲಿ ದೂತ. ಮಕ್ಕಳು ಕಂದು ಚೆಂಡುಗಳನ್ನು ಹಿಡಿದು ಬಂದದ್ದನ್ನು ಕಂಡು ಅವನ ಹುಬ್ಬು ಗಂಟಿಕ್ಕಿತು. ಆಟ ಶುರುವಾಯಿತು. ನಲವತ್ತು ಹೆಸರುಗಳು ಎದ್ದವು, ನಲವತ್ತು ಚೆಂಡುಗಳು ಎದ್ದವು.

ದೂತ ಯಜಮಾನರ ಕಡೆ ಬಾಗಿದ. “ಇವು ಯಾರ ಹೆಸರು? ಬೇರೆ ಹೆಸರು ಬೇಡ ಎಂದಿದ್ದೆನಲ್ಲ?”

ಯಜಮಾನರು ಹೆಗಲಿನ ವಸ್ತ್ರದಿಂದ ಹಣೆ ಒರೆಸಿಕೊಂಡರು. ಹಿಂದಿನಿಂದ ಗೆರೆಯವಳು ಹೇಳಿದಳು:

“ಬೇರೆ ಹೆಸರಲ್ಲ ಸ್ವಾಮಿ. ನಿಮ್ಮ ದೇಶದ್ದೇ. ಒಂದೇ ಹೆಸರು ಅಂತ ನೀವು ತಿಳಿದಿದ್ರಿ. ನಲವತ್ತಿವೆ.”

ದೂತ ಏನೋ ಹೇಳಲು ಹೊರಟ. ಅಷ್ಟರಲ್ಲಿ ಪಕ್ಕದ ಕುರ್ಚಿಯ ಅತಿಥಿ, ಮುದುಕಿ, ಕಣ್ಣು ಕಿರಿದು ಮಾಡಿ ಕೇಳುತ್ತಿದ್ದವಳು, “ಇದೆಂಥ ದೇಶವಪ್ಪಾ, ತನ್ನ ಮಕ್ಕಳ ಹೆಸರನ್ನೆಲ್ಲ ಇನ್ನೊಬ್ಬರ ಮಕ್ಕಳಿಗೆ ಕಲಿಸಿದೆ,” ಎಂದಳು. ಹೊಗಳಿದಳೋ ಬೈದಳೋ ಗೊತ್ತಾಗಲಿಲ್ಲ. ದೂತ ಬಾಯಿ ಮುಚ್ಚಿ ಅಂಗಳ ನೋಡಿದ. ಮೀನಿನ ಚೆಂಡಿನ ಹುಡುಗ ಕಣ್ಣು ಮುಚ್ಚಿಕೊಂಡು ‘ಬೆನೆಕ್!’ ಎಂದು ಹಿಡಿದುಬಿಟ್ಟಿದ್ದ. ದೂತ ತನ್ನ ಪುಸ್ತಕದಲ್ಲಿ ಬರೆದ: ‘ಇಡೀ ದಿನ ನಮ್ಮವರ ಹೆಸರು ಕೇಳಿಬಂತು.’ ಸುಳ್ಳೇನೂ ಇರಲಿಲ್ಲ.

ಸಂಜೆ ಅವನು ಮೇಷ್ಟ್ರನ್ನು ಕರೆದು, ಸಂತೋಷವಾಗಿದೆ, ಇನ್ನು ಮೂರು ವರ್ಷ ಇಲ್ಲೇ ಇರಬಹುದು ಎಂದ. ಮೇಷ್ಟ್ರು ಚೆಂಡುಗಳನ್ನು ವಾಪಸು ಕೊಂಡುಹೋಗಬಹುದೇ, ಅರ್ಧವನ್ನಾದರೂ, ಎಂದು ಕೇಳಿದ. “ಕೊಟ್ಟದ್ದನ್ನು ವಾಪಸು ತಂದರೆ ದೇಶದ ಮರ್ಯಾದೆ ಏನಾಗಬೇಕು?” ಎಂದ ದೂತ. “ಕಾಗದದಲ್ಲಿ ಬರೆದ ಒಂದು ವಸ್ತುವೂ ಹಡಗು ಹತ್ತುವಂತಿಲ್ಲ.”

ಮೇಷ್ಟ್ರು ಬಂದು ಗೆರೆಯವಳ ಪಕ್ಕ ಕೂತ. ಮಕ್ಕಳು ಇನ್ನೂ ಆಡುತ್ತಿದ್ದರು.

“ಮೂರು ವರ್ಷ ಅಂತೆ ಅಕ್ಕಾ.”

“ಮಕ್ಕಳಿಗೆ ಖುಷಿ ಆಗುತ್ತೆ.” ಅವಳು ಬುಟ್ಟಿಯ ಅಂಚನ್ನು ಸವರಿದಳು. “ನೀವು ಇಲ್ಲಿದ್ರೆ ಅಲ್ಲಿ ಯಾರಲ್ಲಿ ಕಡಿಮೆ ಆಗುತ್ತೆ?”

ಅವನ ಬೆರಳು ಹಾಸಿನ ಮೇಲೆ ಮೂರು ಕಿರಣಗಳ ಸೂರ್ಯನನ್ನು ಬರೆಯಿತು.

“ಹೋಗಿ,” ಎಂದಳು. “ಹೇಳಿಕೊಟ್ಟಿದ್ದು ಇವರಿಗೆ ಸಾಕು. ಬಿದ್ದರೆ ಏಳೋದು ಮೊದಲೇ ಗೊತ್ತಿತ್ತು.”

“ಬರಿಗೈಲಿ ಹೋಗಲಾ? ಅಲ್ಲಿ ನಲವತ್ತು ಮಕ್ಕಳು ಖಾಲಿ ಅಂಗಳದಲ್ಲಿ ಕೂತಿದ್ದಾರೆ.”

ಅವಳು ಎದ್ದು ಮನೆಗೆ ಹೋದಳು. ಪೆಟ್ಟಿಗೆ ತೆಗೆದಳು. ಚೆಂಡನ್ನು ಎತ್ತಿ ಮೂಗಿಗೆ ಹಿಡಿದಳು: ನಾರು, ಬೆವರು, ಹಳೆಯ ಸೀರೆ. ಆಮೇಲೆ ಬುಟ್ಟಿಯಲ್ಲಿಟ್ಟು ತಂದಳು.

“ಇದು ಯಾವ ಕಾಗದದಲ್ಲೂ ಇಲ್ಲ.”

ಮೇಷ್ಟ್ರು ಕೈಚಾಚಲಿಲ್ಲ. “ಅಕ್ಕಾ, ಇದು ಹೋದರೆ ನಿಮ್ಮಮ್ಮನ ಹೆಸರು?”

“ಪೆಟ್ಟಿಗೇಲಿದ್ರೂ ಹೋಗುತ್ತೆ. ಅಲ್ಲಾದ್ರೆ ಆ ಮಕ್ಕಳು ಎಸೆಯುವಾಗ ಹೇಳಬಹುದು.” ಅವಳು ಅವನ ಮುಖ ನೋಡಿದಳು. “ಹೇಳ್ತಾರೆ ಅಲ್ವಾ? ಹೇಳದಿದ್ರೆ ಹಾರಲ್ಲ.”

ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. “ನಮ್ಮ ಕಡೆ ವಸ್ತುಗಳು ಯಾರ ಹೆಸರೂ ಕೇಳೋದಿಲ್ಲ ಅಕ್ಕಾ. ಹೇಳದಿದ್ದರೂ ಹಾರುತ್ತೆ.”

“ಹೇಳದಿದ್ರೂ?”

“ಹೇಳದಿದ್ದರೂ.”

ಅವಳು ಚೆಂಡನ್ನು ನೋಡಿದಳು. ಹುರಿಯ ಸಂದಿಯಲ್ಲಿ ಕೆಂಪು ಅಂಚು. ಹೆಸರು ಕೇಳದೆ ಹಾರುವ ಚೆಂಡನ್ನು ಅವಳಿಗೆ ಊಹಿಸಿಕೊಳ್ಳಲೂ ಆಗಲಿಲ್ಲ. ಪಾಪ, ಯಾರದೆಂದು ಗೊತ್ತಿಲ್ಲದೆ ಗಾಳಿಯಲ್ಲಿ ಹೋಗುತ್ತಿರುವ ಚೆಂಡು.

“ಹಾರಿದ್ರೆ ಆಯ್ತು ಬಿಡಿ,” ಎಂದಳು. “ಅವಳು ಮಾಡಿದ್ದೂ ಅದಕ್ಕೇ.” ಚೆಂಡನ್ನು ಅವನ ಎರಡೂ ಕೈಗಳಲ್ಲಿ ಇಟ್ಟಳು.

“ನಿಮ್ಮ ಹೆಸರೇನು ಅಕ್ಕಾ?”

“ನನ್ನದ್ಯಾಕೆ? ಚೆಂಡು ನಮ್ಮಮ್ಮಂದು.”

“ಅವರು ನಿಮ್ಮೂರಿನ ಮಕ್ಕಳಿಗೆ ಕೊಟ್ಟರು. ನಮ್ಮೂರಿನ ಮಕ್ಕಳಿಗೆ ಕೊಡುತ್ತಿರೋದು ನೀವು. ಈಗ ಕಡಿಮೆ ಆಗ್ತಿರೋದು ಯಾರಲ್ಲಿ?” ಮೇಷ್ಟ್ರು ಸಣ್ಣಗೆ ನಕ್ಕ. “ನಿಮ್ಮ ಲೆಕ್ಕವೇ.”

ಅವಳಿಗೆ ನಾಚಿಕೆಯಾಯಿತು. ಯಾರೂ ಆಡದ ಹೆಸರು, ತುಕ್ಕು ಹಿಡಿದಿರಬಹುದು ಅನ್ನಿಸಿತು. ಸುತ್ತ ನೋಡಿ, ಬಾಗಿ, ಅವನ ಕಿವಿಯಲ್ಲಿ ಹೇಳಿದಳು, ಮೊದಲು ಅಮ್ಮನದನ್ನು, ಆಮೇಲೆ ತನ್ನದನ್ನು.

ಮೇಷ್ಟ್ರನ್ನು ಹತ್ತಿಸಿಕೊಂಡು ಹಡಗು ಹೋಯಿತು. ಮಕ್ಕಳು ದಡದಲ್ಲಿ ನಿಂತು ನಲವತ್ತು ಹೆಸರುಗಳನ್ನೂ ಒಂದೊಂದಾಗಿ ಕೂಗಿ ಬೀಳ್ಕೊಟ್ಟರು.

ದಿನಗಳು ಹೋದವು. ದೇಶಗಳ ಸಭೆಗೆ ಯಜಮಾನರು ಹೋಗಿ ಕೈ ಎತ್ತಿ ಬಂದರು. ಯಾವುದಕ್ಕೆ ಎಂದು ಕೇಳಿದರೆ, “ಎಲ್ಲರೂ ಎತ್ತಿದ್ರು,” ಎಂದರು. ಉಪ್ಪುಗಾಳಿ ಹಸಿರು ಹಾಸನ್ನು ನೆಕ್ಕಿತು. ಮೊದಲು ನಡುವಿನ ಗೆರೆ ಮಾಸಿತು, ಆಮೇಲೆ ಈಚೆಯವು, ಆಮೇಲೆ ಆಚೆಯವು. ಅಳಿಸದ ಗೆರೆಗಳು ಅಳಿಸಿದವು. ಒಂದು ಬೆಳಿಗ್ಗೆ ಗೆರೆಯವಳು ಯಾರನ್ನೂ ಕೇಳದೆ ಬುಟ್ಟಿಯಲ್ಲಿ ಸುಣ್ಣ ತುಂಬಿಕೊಂಡು ಬಂದು ಬಾಗಿದಳು. ಯಾರೂ ಬೇಡ ಎನ್ನಲಿಲ್ಲ.

ಆದರೆ ಅವಳ ಬಾಯಿಯಲ್ಲಿ ಅಮ್ಮನ ಹೆಸರು ತೆಳುವಾಗುತ್ತಿತ್ತು. ಸುಣ್ಣ ಬಿಡುತ್ತ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದಳು. ಹೇಳುತ್ತ ಹೇಳುತ್ತ ಒಂದು ದಿನ ಮೊದಲಕ್ಷರ ಸಿಗಲಿಲ್ಲ. ಇನ್ನೊಂದು ದಿನ ನಡುವಿನದು. ವರ್ಷ ತುಂಬಿದ ಬೆಳಿಗ್ಗೆ ಬಾಯಿ ತೆರೆದರೆ ‘ಅಮ್ಮ’ ಎಂದಷ್ಟೇ ಬಂತು. ಅದು ಎಲ್ಲರ ಅಮ್ಮಂದಿರ ಹೆಸರು. ತನ್ನವಳದು ಯಾವುದು? ಯಜಮಾನರನ್ನು ಕೇಳಿದಳು. ಅವರು ಬಾಯಿ ತೆರೆದು, ಹೆಗಲ ವಸ್ತ್ರ ಸರಿಮಾಡಿಕೊಂಡು, “ಈಗ ನಾಲಿಗೆ ಮೇಲೇ ಇತ್ತಲ್ಲಮ್ಮಾ,” ಎಂದರು. ಅವರಿಗೂ ಬರೀ ಉಸಿರು.

ಅದಾಗಿ ಮೂರು ದಿನಕ್ಕೆ ಮತ್ತೆ ಹಡಗು ಬಂತು. ಬಿಳಿ ಕೊಡೆಯ ದೂತ ಇಳಿದು ನೇರವಾಗಿ ಅಂಗಳಕ್ಕೆ ಬಂದ. ಈ ಸಲ ಪೆಟ್ಟಿಗೆಗಳಿರಲಿಲ್ಲ. ಯಜಮಾನರು ಓಡೋಡಿ ಬಂದರು.

“ಒಂದು ವಿಷಯ ಕೇಳಬೇಕಿತ್ತು,” ಎಂದ ದೂತ. “ನಮ್ಮ ದೇಶದ ಒಳಗಡೆ ಒಂದು ಸಣ್ಣ ಊರಿದೆ. ಅಲ್ಲಿಗೆ ನಾನು ಯಾವತ್ತೂ ಹೋದವನಲ್ಲ. ಮೊನ್ನೆ ಆ ದಾರಿಯಲ್ಲಿ ಹೋಗುವಾಗ ಮಕ್ಕಳು ಆಡುತ್ತಿದ್ದರು. ಒಂದು ನಾರಿನ ಚೆಂಡು. ಎಸೆಯುವಾಗಲೆಲ್ಲ ಏನೋ ಕೂಗುತ್ತಿದ್ದರು. ನಮ್ಮ ಭಾಷೆಯ ಮಾತಲ್ಲ. ಗಾಡಿ ನಿಲ್ಲಿಸಿ ಕೇಳಿದೆ. ಈ ಊರಿನವರ ಹೆಸರು ಎಂದರು.” ಅವನು ಪುಸ್ತಕ ತೆಗೆದು, ಬರೆದುಕೊಂಡದ್ದನ್ನು ತಡವರಿಸಿ ಓದಿದ. “ಚಿಕ್ಕತಾಯಿ. ಚಿಕ್ಕತಾಯಿ ಅಂದರೆ ಯಾರು ಇಲ್ಲಿ?”

ಯಜಮಾನರು ಯೋಚಿಸಿದರು. ಸುತ್ತ ನೆರೆದವರನ್ನು ನೋಡಿದರು. ಅವರೂ ತಲೆಯಾಡಿಸಿದರು. “ಆ ಹೆಸರಿನೋರು ನಮ್ಮೂರಲ್ಲಿ ಯಾರೂ ಇಲ್ಲ ಸ್ವಾಮಿ. ಎಲ್ಲೋ ತಪ್ಪಾಗಿದೆ.”

ಅಂಗಳದ ನಡುವೆ ಬಾಗಿದ್ದ ಹೆಂಗಸು ನೆಟ್ಟಗಾದಳು. ಬೆರಳ ಸಂದಿಯಿಂದ ಸುಣ್ಣ ಸುರಿಯುತ್ತಲೇ ಇತ್ತು.

“ನಾನೇ,” ಎಂದಳು.

ಎಲ್ಲರೂ ತಿರುಗಿ ನೋಡಿದರು. ಮಕ್ಕಳಲ್ಲಿ ಒಬ್ಬಳು, “ಗೆರೆಯತ್ತೆಗೆ ಹೆಸರಿದೆ!” ಎಂದು ಪಿಸುಗುಟ್ಟಿದಳು.

ದೂತ ಕೊಡೆ ಮಡಿಚಿದ. ಹತ್ತಿರ ಬಂದ. “ನಾನು ಆ ಚೆಂಡನ್ನು ಎಸೆದು ನೋಡಿದೆ. ಏನೂ ಹೇಳದೆ ಎಸೆದೆ. ಚೆನ್ನಾಗಿ ಹಾರಿತು. ಹಾಗಿದ್ದರೆ ನೀವು ಯಾಕೆ ಕೂಗುತ್ತೀರಿ ಎಂದು ಮಕ್ಕಳನ್ನು ಕೇಳಿದೆ. ಒಬ್ಬಳು ಹುಡುಗಿ, ಮೇಷ್ಟ್ರ ಮಗಳಂತೆ, ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದಳು. ‘ಹಾರೋಕಲ್ಲ, ಅವರಿಗೆ ಕೇಳಿಸಲಿ ಅಂತ’ ಎಂದಳು.” ಅವನು ಪುಸ್ತಕದ ಹಾಳೆ ತಿರುವಿದ. “ಇನ್ನೊಂದು ಹೆಸರೂ ಇದೆ. ಎಸೆಯುವವರು ನಿಮ್ಮದು ಹೇಳುತ್ತಾರೆ. ಹಿಡಿಯುವವರು ಇದನ್ನು ಹೇಳುತ್ತಾರೆ. ನನಗೆ ಸರಿಯಾಗಿ ಹೇಳಲು ಬರುವುದಿಲ್ಲ.”

“ಹೇಳಿ,” ಎಂದಳು ಅವಳು.

ಅವನು ಹಾಳೆಯನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿದ.

“ಸ... ಸಣ್ಣೀ... ಸಣ್ಣೀರಮ್ಮ.”

ಸುಣ್ಣದ ಬುಟ್ಟಿ ಕೈಜಾರಿತು. ಗೆರೆಯ ಮೇಲೆ ಒಂದು ಬಿಳಿ ಗುಪ್ಪೆಯಾಯಿತು. ಅವಳು ಅದನ್ನು ನೋಡಲಿಲ್ಲ. ಬಾಯಿ ತೆರೆದಳು. ಉಸಿರು ಬಂತು, ಅದರ ಹಿಂದೆ ಮೊದಲಕ್ಷರ ಬಂತು, ನಡುವಿನದು ಬಂತು, ಕೊನೆಯದು ಮೊದಲೇ ಅಲ್ಲಿತ್ತು.

“ಸಣ್ಣೀರಮ್ಮ,” ಎಂದಳು. ಮತ್ತೊಮ್ಮೆ ಎಂದಳು.

ಮೀನಿನ ಚೆಂಡಿನ ಹುಡುಗ ಚೆಂಡನ್ನು ಎತ್ತಿ, “ಆಟ ಶುರು ಮಾಡಬಹುದಾ ಚಿಕ್ಕತಾಯತ್ತೇ?” ಎಂದು ಕೇಳಿದ.

“ಇರು,” ಎಂದಳು ಅವಳು, ಸೆರಗಿನಿಂದ ಮುಖ ಒರೆಸಿಕೊಂಡು. “ನಡುವಿನ ಗೆರೆ ಬಾಕಿ ಇದೆ.”